ಜೋಡು ಯಂತ್ರವೋ, ಬಿಡಿ ಯಂತ್ರಗಳೋ?

ಪುಣೆಯಿಂದ ಹೊರಟ ರಾಷ್ಟ್ರೀಯ ಹೆದ್ದಾರಿ ಸೊಲ್ಲಾಪುರವನ್ನು ದಾಟಿ ನಮ್ಮ ಬೀದರ ಜಿಲ್ಲೆಯನ್ನು ಪ್ರವೇಶಿಸುತ್ತದೆ. ಬಸವಕಲ್ಯಾಣದ ಸಮೀಪದಲ್ಲಿ ಹಾದು, ಹುಮನಾಬಾದನ್ನು ಮುಟ್ಟಿ, ಹೈದರಾಬಾದಿನ ಕಡೆಗೆ ಸಾಗುತ್ತದೆ. ಹಿಂದೆ ಅದರ ಸಂಖ್ಯೆ 9 ಆಗಿತ್ತು, ಈಗ 65. ಈ ಎರಡು ತಾಲ್ಲೂಕುಗಳ ತರುಣರು ಐ.ಟಿ.ಐ.ಗಳಲ್ಲಿ ಟರ್ನರ್ ಕೆಲಸವನ್ನೋ ಫಿಟ್ಟರ್ ಕೆಲಸವನ್ನೋ ಕಲಿತು, ಈ ರಸ್ತೆಯನ್ನೇ ಹಿಡಿದು ಒಂದೋ ಪಡುವಣಕ್ಕೆ, ಇಲ್ಲವೇ ಮೂಡಣಕ್ಕೆ ದುಡಿಮೆಗೆ ಹೋಗುತ್ತಾರೆ. ಅವರಲ್ಲಿ ಕೆಲವರು ನಾಲ್ಕಾರು ವರ್ಷಗಳ ಬಳಿಕ ಅದೇ ರಸ್ತೆಯಿಂದ ಮರಳಿ ಬರುವುದೂ ಉಂಟು. ಹಾಗೆ ಬಂದವರಿಗೆ ಕೈಯಲ್ಲಿ ಕಸುಬಿರುತ್ತದೆ, ಮನಸ್ಸಿನಲ್ಲಿ ಸ್ವಂತ ವರ್ಕ್‌ಶಾಪಿನ ಕನಸಿರುತ್ತದೆ. ಜಾಗ ಮಾತ್ರ ಮನೆಯ ಪಡಸಾಲೆಯಷ್ಟು ಅಥವಾ ಹಿತ್ತಿಲಿನ ತಗಡಿನ ಮಾಡಿನಷ್ಟು. ಹಣವಂತೂ ಆ ಜಾಗಕ್ಕಿಂತಲೂ ಇಕ್ಕಟ್ಟು.

ಕೈಗಾರಿಕಾ ತರಬೇತಿ ಕೊಡುವ ಕೆಲಸದಲ್ಲಿ ಬಹುಕಾಲ ಕಳೆದ ನನ್ನಲ್ಲಿಗೆ ಇಂಥ ತರುಣರು ಬಂದು ಕೇಳುವ ಪ್ರಶ್ನೆ ಒಂದೇ. ಕಡೆಯುವ ಲೇತು, ಕೊರೆಯುವ ಡ್ರಿಲ್ಲು, ಕೆತ್ತುವ ಮಿಲ್ಲಿಂಗು, ಈ ಮೂರೂ ಒಂದೇ ಮೈಯಲ್ಲಿ ಕೂಡಿರುವ ಜೋಡು ಯಂತ್ರವನ್ನು ಕೊಳ್ಳಬೇಕೋ, ಅಥವಾ ಒಂದೊಂದು ಕೆಲಸಕ್ಕೆ ಒಂದೊಂದು ಬಿಡಿ ಯಂತ್ರವನ್ನು ಕೊಳ್ಳಬೇಕೋ? ಕೇಳುವುದಕ್ಕೆ ಇದು ಅಂಗಡಿಯ ಪ್ರಶ್ನೆಯಂತೆ ತೋರುತ್ತದೆ. ಆದರೆ ತಾಯಿಯ ಬಂಗಾರವನ್ನೋ ಎರಡು ಎಕರೆ ಹೊಲವನ್ನೋ ಒತ್ತೆಯಿಟ್ಟು ಯಂತ್ರ ತರುವ ಮನೆಯಲ್ಲಿ ಇದು ಹತ್ತು ವರ್ಷಗಳ ಅನ್ನದ ಪ್ರಶ್ನೆ. ಆದ್ದರಿಂದ ಇದನ್ನು ಸಾವಧಾನವಾಗಿ ಬಿಡಿಸಿ ನೋಡುವುದು ಉಚಿತ.

ಮೊದಲು ಯಂತ್ರಗಳ ಸ್ವಭಾವವನ್ನು ಅರಿಯಬೇಕು. ಲೇತಿನಲ್ಲಿ ವಸ್ತು ತಿರುಗುತ್ತದೆ, ಉಳಿ ನಿಂತಿರುತ್ತದೆ. ಆದ್ದರಿಂದ ಅದು ದುಂಡು ವಸ್ತುಗಳ ಯಂತ್ರ. ಮಿಲ್ಲಿಂಗಿನಲ್ಲಿ ಹಲ್ಲುಳ್ಳ ಕಟ್ಟರು ತಿರುಗುತ್ತದೆ, ವಸ್ತು ಮೇಜಿನ ಮೇಲೆ ಬಿಗಿಯಾಗಿ ಕುಳಿತು ನಿಧಾನವಾಗಿ ಸರಿಯುತ್ತದೆ. ಅದು ಚಪ್ಪಟೆ ಮುಖಗಳ, ಗಾಡಿಗಳ ಯಂತ್ರ. ನಮ್ಮ ಭಾಗದ ಹಿರಿಯ ಮಿಸ್ತ್ರಿಗಳು ಲೇತನ್ನು ‘ಖರಾದು’ ಎಂದು ಕರೆಯುವುದನ್ನು ನೀವು ಕೇಳಿರಬಹುದು; ಅದು ಉರ್ದುವಿನಿಂದ ಬಂದ ಮಾತು. ಮಾತು ಹೊರಗಿನದಾದರೂ ವಿದ್ಯೆ ನಮಗೆ ಹೊಸದಲ್ಲ. ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡು ಆಳಿದ ಚಾಲುಕ್ಯರ ಕಾಲದ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಿದ್ದಾರೆ. ಒಂದರ ಮೇಲೊಂದು ಬಳೆ ಜೋಡಿಸಿದಂತೆ ಕಾಣುವ ಆ ಕಂಬಗಳ ನುಣುಪು ಇಂದಿಗೂ ಬೆರಳಿಗೆ ಹತ್ತುತ್ತದೆ. ಲೋಹವನ್ನು ಕಡೆಯುವ ವಿದ್ಯೆಗೆ ಈಗಿನ ರೂಪ ಬಂದದ್ದು ಇಂಗ್ಲೆಂಡಿನಲ್ಲಿ. ಉಳಿಯನ್ನು ಕೈಯಲ್ಲಿ ಹಿಡಿಯುವ ಬದಲು ಗಟ್ಟಿಯಾದ ಸರಿಗೆಯ ಮೇಲೆ ಬಿಗಿದು, ಅದನ್ನು ನಿಖರವಾದ ತಿರುಪಿನಿಂದ ನಡೆಸುವ ಲೇತನ್ನು ಲಂಡನ್ನಿನ ಹೆನ್ರಿ ಮಾಡ್ಸ್ಲೇ 1800ರ ಸುಮಾರಿಗೆ ರೂಢಿಗೆ ತಂದನು.

ಎರಡು ಮೂರು ಯಂತ್ರಗಳನ್ನು ಒಂದಾಗಿಸುವ ಯೋಚನೆಯೂ ಇಂದಿನದಲ್ಲ. ಅಮೆರಿಕದಲ್ಲಿ 1947ರಲ್ಲಿ ಮಾರಾಟಕ್ಕೆ ಬಂದ ಶಾಪ್‌ಸ್ಮಿತ್ ಎಂಬ ಮರಗೆಲಸದ ಯಂತ್ರ ಗರಗಸವೂ ಆಗುತ್ತಿತ್ತು, ಲೇತೂ ಆಗುತ್ತಿತ್ತು, ಡ್ರಿಲ್ಲೂ ಆಗುತ್ತಿತ್ತು. 1950ರ ದಶಕದಲ್ಲಿ ಆಸ್ಟ್ರಿಯಾದ ಎಮ್ಕೊ ಸಂಸ್ಥೆ ಯೂನಿಮ್ಯಾಟ್ ಎಂಬ ಪುಟ್ಟ ಲೋಹಯಂತ್ರವನ್ನು ತಂದಿತು. ಮೇಜಿನ ಮೂಲೆಯಲ್ಲಿ ಹಿಡಿಸುವ ಆ ಯಂತ್ರದ ತಲೆಯನ್ನು ಕಳಚಿ ನೆಟ್ಟಗಿನ ಕಂಬಕ್ಕೆ ಏರಿಸಿದರೆ ಅದೇ ಡ್ರಿಲ್ಲು, ಅದೇ ಮಿಲ್ಲಿಂಗು. ಈಗ ನಮ್ಮ ಪೇಟೆಗೆ ಬರುವ ಜೋಡು ಯಂತ್ರಗಳಲ್ಲಿ ಸಾಮಾನ್ಯವಾಗಿ ಲೇತಿನ ಹಾಸಿಗೆಯ ಹಿಂಭಾಗದಲ್ಲಿ ಒಂದು ಕಂಬವಿದ್ದು, ಅದರ ಮೇಲೆ ಮಿಲ್ಲಿಂಗಿನ ತಲೆ ಕುಳಿತಿರುತ್ತದೆ. ಲೇತಿನ ಅಡ್ಡಸರಿಗೆಯೇ ಮಿಲ್ಲಿಂಗಿಗೆ ಮೇಜಾಗುತ್ತದೆ.

ಇದರಿಂದ ಆಗುವ ಲಾಭ ಕಣ್ಣಿಗೆ ಕಾಣುವಂಥದು. ಜಾಗ ಉಳಿಯುತ್ತದೆ, ಮೊದಲ ದಿನದ ಖರ್ಚು ಉಳಿಯುತ್ತದೆ. ನಷ್ಟ ಮಾತ್ರ ಕಣ್ಣಿಗೆ ಕಾಣುವುದಿಲ್ಲ; ಅದು ದಿನದಿನವೂ ಅಷ್ಟಷ್ಟೇ ಸೋರುವಂಥದು. ಆ ಸೋರಿಕೆಗೆ ಎರಡು ಬಾಯಿಗಳಿವೆ. ಒಂದು ಕಾಲ, ಇನ್ನೊಂದು ಬಿಗುವು.

ಕಾಲದ ಲೆಕ್ಕವನ್ನು ನೋಡೋಣ. ಒಂದು ಶಾಫ್ಟನ್ನು ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು, ಡಯಲ್ ಗೇಜಿನಿಂದ ಅದರ ಓಟವನ್ನು ಸರಿಪಡಿಸಿ, ಅರ್ಧ ಕಡೆದಾಗಿದೆ ಎನ್ನಿ. ಅಷ್ಟರಲ್ಲಿ ಅವಸರದ ಗಿರಾಕಿಯೊಬ್ಬ ಒಂದು ಫ್ಲೇಂಜನ್ನು ತಂದು ಒಂದು ಮುಖವನ್ನು ಚಪ್ಪಟೆ ಮಾಡಿಕೊಡಿ ಎನ್ನುತ್ತಾನೆ. ಬಿಡಿ ಯಂತ್ರಗಳಿದ್ದರೆ ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟರಾಯಿತು. ಜೋಡು ಯಂತ್ರವಾದರೆ ಟೂಲ್ ಪೋಸ್ಟು ಕಳಚಬೇಕು, ಅಡ್ಡಸರಿಗೆಯ ಮೇಲೆ ಹಿಡಿಕೆಗಳನ್ನು ಬಿಗಿಯಬೇಕು, ಕೆಲಸ ಮುಗಿದ ಮೇಲೆ ಮತ್ತೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರಬೇಕು. ಈ ಹೊಂದಿಕೆಗೆ ಒಮ್ಮೆಗೆ 20 ನಿಮಿಷವೆಂದೂ ದಿನಕ್ಕೆ ಮೂರು ಸಲವೆಂದೂ ಹಿಡಿಯಿರಿ. ದಿನಕ್ಕೆ ಒಂದು ಗಂಟೆ ಹೋಯಿತು. ವರ್ಷದಲ್ಲಿ 300 ದಿನ ದುಡಿಯುವವನಿಗೆ ಅದು 300 ಗಂಟೆ. ಎಂಟು ಗಂಟೆಯ ದಿನಗಳಲ್ಲಿ ಲೆಕ್ಕ ಹಾಕಿದರೆ 37 ದಿನಗಳಿಗೂ ಹೆಚ್ಚು. ಯಂತ್ರದ ಬೆಲೆಯಲ್ಲಿ ಒಮ್ಮೆ ಉಳಿಸಿದ್ದನ್ನು ವರ್ಷಕ್ಕೆ ಒಂದು ತಿಂಗಳ ದುಡಿಮೆಯಾಗಿ ಪ್ರತಿವರ್ಷವೂ ತೆರಬೇಕಾಗುತ್ತದೆ. ಗಂಟೆಗೆ ಇಷ್ಟು ಎಂದು ತನ್ನ ದುಡಿಮೆಯನ್ನು ಮಾರುವವನಿಗೆ ಇದು ದೊಡ್ಡ ತೆರಿಗೆ. ಆದರೆ ರಜೆಯ ದಿನ ಸಂತೋಷಕ್ಕಾಗಿ ಯಂತ್ರದ ಮುಂದೆ ನಿಲ್ಲುವವನಿಗೆ ಆ ಒಂದು ಗಂಟೆ ನಷ್ಟವೇ ಅಲ್ಲ. ಈ ಭೇದವನ್ನು ನೆನಪಿನಲ್ಲಿಡಬೇಕು.

ಇನ್ನು ಬಿಗುವಿನ ಮಾತು. ಲೋಹವನ್ನು ಕತ್ತರಿಸುವಾಗ ಯಂತ್ರದ ಮೈ ಕೂದಲೆಳೆಯಷ್ಟು ಬಾಗಿದರೂ ಅದು ಕೆಲಸದ ಮೇಲೆ ಬರೆದಿಟ್ಟಂತೆ ಕಾಣಿಸಿಕೊಳ್ಳುತ್ತದೆ. ಜೇಮ್ಸ್ ವಾಟನ ಉಗಿಯಂತ್ರದ ಕಥೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಅವನ ಕಲ್ಪನೆ ಸರಿಯಾಗಿಯೇ ಇತ್ತು. ಆದರೆ ಸಿಲಿಂಡರಿನ ಒಳಮೈಯನ್ನು ಸಾಕಷ್ಟು ದುಂಡಗೆ ಕೊರೆಯುವುದು ಆಗ ಸಾಧ್ಯವಾಗದೆ ಉಗಿ ಸೋರುತ್ತಿತ್ತು. 1775ರ ಹೊತ್ತಿಗೆ ಜಾನ್ ವಿಲ್ಕಿನ್ಸನ್ ಎಂಬಾತ ಕೊರೆಯುವ ದಂಡವನ್ನು ಒಂದೇ ತುದಿಯಲ್ಲಿ ಹಿಡಿಯದೆ ಎರಡು ತುದಿಗಳಲ್ಲೂ ಆಧಾರ ಕೊಟ್ಟು ನಿಲ್ಲಿಸಿದನು. ವಾಟನ ಯಂತ್ರ ನಡೆಯಿತು. ಅಲ್ಲಿ ಗೆದ್ದದ್ದು ಹೊಸ ಉಳಿಯಲ್ಲ, ಹಿಡಿತದ ಬಿಗುವು.

ಜೋಡು ಯಂತ್ರದ ಮಿಲ್ಲಿಂಗಿನಲ್ಲಿ ಕೊರತೆಯಾಗುವುದು ಈ ಬಿಗುವೇ. ಮಿಲ್ಲಿಂಗ್ ಕಟ್ಟರಿನ ಹಲ್ಲುಗಳು ಲೋಹವನ್ನು ಒಂದೇ ಸಮನೆ ಕತ್ತರಿಸುವುದಿಲ್ಲ. ಒಂದಾದ ಮೇಲೊಂದು ಬಡಿಯುತ್ತವೆ. ಆ ಪೆಟ್ಟನ್ನು ತಾಳಿಕೊಳ್ಳಲು ನಿಜವಾದ ಮಿಲ್ಲಿಂಗ್ ಯಂತ್ರಕ್ಕೆ ಅಗಲವಾದ ಎರಕದ ಮೈ ಇರುತ್ತದೆ. ಜೋಡು ಯಂತ್ರದಲ್ಲಾದರೋ ಒಂಟಿ ಕಂಬದ ಮೇಲಿನ ತಲೆಯೂ ಲೇತಿನ ಕಿರಿದಾದ ಅಡ್ಡಸರಿಗೆಯೂ ಆ ಪೆಟ್ಟನ್ನೆಲ್ಲ ಹೊರಬೇಕು. ಮೇಲಾಗಿ, ಹಲವು ಜೋಡು ಯಂತ್ರಗಳಲ್ಲಿ ಮೇಜು ಮೇಲೆ ಕೆಳಗೆ ಸರಿಯುವುದಿಲ್ಲ. ತಲೆಯನ್ನೇ ಏರಿಸಿ ಇಳಿಸಬೇಕು. ಕಂಬ ದುಂಡಗಿದ್ದರೆ ತಲೆಯನ್ನು ಸಡಿಲಿಸಿದೊಡನೆ ಅದು ಅತ್ತಿತ್ತ ತಿರುಗುತ್ತದೆ. ಮೊದಲು ಹಿಡಿದ ಕೇಂದ್ರಬಿಂದು ತಪ್ಪಿ, ಅದನ್ನು ಹೊಸದಾಗಿ ಹುಡುಕಬೇಕಾಗುತ್ತದೆ. ಇವು ಯಾವುದೋ ಒಬ್ಬ ತಯಾರಕನ ಲೋಪಗಳಲ್ಲ. ಎರಡು ಕೆಲಸಗಳನ್ನು ಒಂದು ಮೈಗೆ ಹೊರಿಸಿದಾಗ ತಾವಾಗಿ ಬರುವ ಮಿತಿಗಳು.

ಇಷ್ಟು ಹೇಳಿದ ಮೇಲೆ ಜೋಡು ಯಂತ್ರ ಕೂಡದು ಎಂದು ನಾನು ತೀರ್ಪು ಕೊಡುವೆನೆಂದು ನೀವು ನಿರೀಕ್ಷಿಸಬಹುದು. ಹಾಗೆ ಹೇಳಲಾರೆ. ಏಕೆಂದರೆ ಹುಮನಾಬಾದಿನ ಒಂದು ಮನೆಯೂ ಬಸವಕಲ್ಯಾಣದ ಒಂದು ಮನೆಯೂ ನನ್ನ ಕಣ್ಣೆದುರಿಗಿವೆ. ಒಂದೇ ಪ್ರಶ್ನೆಗೆ ಆ ಎರಡು ಮನೆಗಳಲ್ಲಿ ಎರಡು ಬಗೆಯ ಉತ್ತರಗಳು ಸರಿಯಾದವು.

ಹುಮನಾಬಾದಿನವರು ಹೊಲಿಗೆಯಂತ್ರ, ತಕ್ಕಡಿ, ಔಷಧ ಸಿಂಪಡಿಸುವ ಪಂಪು ಮುಂತಾದ ಸಣ್ಣ ಸಾಧನಗಳನ್ನು ರಿಪೇರಿ ಮಾಡುವವರು. ಅವರಿಗಿರುವುದು ಹತ್ತು ಅಡಿಗೆ ಹತ್ತು ಅಡಿಯ ಒಂದು ಕೋಣೆ. ಅವರ ಕೈಗೆ ಬರುವ ಪಿನ್ನುಗಳೂ ಬುಷ್‌ಗಳೂ ಹೆಬ್ಬೆರಳಿಗಿಂತ ದಪ್ಪವಿರುವುದು ಅಪರೂಪ. ಒಂದು ಕೆಲಸದಲ್ಲೇ ಸ್ವಲ್ಪ ಕಡೆತ, ಒಂದೆರಡು ತೂತು, ಒಂದು ಗಾಡಿ, ಹೀಗೆ ಮೂರೂ ಬೇಕಾಗುತ್ತವೆ. ಯಾವುದೂ ಹೆಚ್ಚಿಲ್ಲ, ಯಾವುದಕ್ಕೂ ಅವಸರವಿಲ್ಲ. ಅವರ ಕೋಣೆಯಲ್ಲಿರುವ ಜೋಡು ಯಂತ್ರ ಅವರಿಗೆ ಒಪ್ಪುವ ಒಡನಾಡಿಯಾಗಿದೆ.

ಬಸವಕಲ್ಯಾಣದ ತರುಣನ ಮಾತು ಬೇರೆ. ಹೆದ್ದಾರಿಯ ಲಾರಿಗಳು, ಹೊಲದ ಟ್ರ್ಯಾಕ್ಟರುಗಳು, ಬಾವಿಯ ಪಂಪುಸೆಟ್ಟುಗಳು, ಹಂಗಾಮಿನಲ್ಲಿ ಕಬ್ಬಿನ ಗಾಣಗಳು, ಇವುಗಳ ಕೆಲಸವನ್ನು ನೆಚ್ಚಿಕೊಂಡು ಅವನು ವರ್ಕ್‌ಶಾಪು ತೆರೆಯಬೇಕೆಂದಿದ್ದನು. ಅವನ ತಾಯಿ ನನ್ನನ್ನು ಕೇಳಿದ ಮಾತು ಇದು: “ಸರ್, ಎರಡೂ ಕೆಲಸ ಒಂದೇ ಮಷಿನ್‌ದಾಗ ಆಗ್ತದಂತ ಇವ ಹೇಳ್ತಾನ. ಖರೇನಾ ಏನ್ರೀ? ನನ್ನ ಬಂಗಾರ ಇಡ್ಲಿಕ್ಕೆ ನಾ ತಯಾರಿದ್ದೀನಿ. ಆದರ ಒಮ್ಮೆ ಇಟ್ಟಿದ್ದು ಮತ್ತ ಮನಿಗಿ ಬರಬೇಕಲ್ರೀ?” ಯಂತ್ರವಿಜ್ಞಾನದ ಯಾವ ಗ್ರಂಥದಲ್ಲೂ ಈ ಪ್ರಶ್ನೆ ಇರುವುದಿಲ್ಲ, ಆದರೆ ಯಂತ್ರ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಇದೇ. “ಅಕ್ಕಾ, ಒಂದು ತಿಂಗಳು ತಡೀರಿ, ಅವನು ಮೊದಲು ಒಂದು ವಹಿ ಬರೀಲಿ” ಎಂದು ನಾನು ಉತ್ತರಿಸಿದೆ.

ವಹಿ ಎಂದರೆ ಹೆಚ್ಚಿನದೇನೂ ಅಲ್ಲ. ತಾನು ಕೈಗೂಡಿಸುತ್ತಿದ್ದ ಇನ್ನೊಬ್ಬರ ವರ್ಕ್‌ಶಾಪಿಗೆ ಒಂದು ತಿಂಗಳಲ್ಲಿ ಬಂದ ಕೆಲಸಗಳನ್ನೆಲ್ಲ ಅವನು ಬರೆದಿಟ್ಟನು: ವಸ್ತು ಯಾವುದು, ಎಷ್ಟು ಉದ್ದ, ಎಷ್ಟು ದಪ್ಪ, ಅದಕ್ಕೆ ಕಡೆತ ಬೇಕಾಯಿತೋ, ತೂತು ಬೇಕಾಯಿತೋ, ಮಿಲ್ಲಿಂಗು ಬೇಕಾಯಿತೋ. ತಿಂಗಳ ಕೊನೆಗೆ ವಹಿ ತಾನೇ ಮಾತನಾಡಿತು. ಬಂದವುಗಳಲ್ಲಿ ಹೆಚ್ಚಿನವೆಲ್ಲ ದುಂಡು ಕೆಲಸಗಳು: ಸವೆದ ಶಾಫ್ಟು, ಹೊಸ ಬುಷ್, ಬೆಸುಗೆಯಿಂದ ತುಂಬಿಸಿ ಮತ್ತೆ ಕಡೆಯಬೇಕಾದ ಪಿನ್ನು, ಪುಲ್ಲಿ. ಅನಂತರದ ಸ್ಥಾನ ತೂತುಗಳಿಗೆ. ಮಿಲ್ಲಿಂಗನ್ನೇ ಬೇಡುವ ಕೆಲಸಗಳು ಬೆರಳೆಣಿಕೆಯಷ್ಟು. ಪುಲ್ಲಿಯ ಒಳಗಿನ ಚಾವಿಗಾಡಿಯನ್ನು ಕೂಡ, ಅವಸರವಿಲ್ಲದಿದ್ದರೆ, ಲೇತಿನಲ್ಲೇ ಚಕ್ಕನ್ನು ತಿರುಗದಂತೆ ತಡೆದು, ಉಳಿಯನ್ನು ಹಿಂದೆ ಮುಂದೆ ನಡೆಸಿ ಸ್ವಲ್ಪಸ್ವಲ್ಪವಾಗಿ ಕೊರೆಯಬಹುದು. ಅಂದಮೇಲೆ, ಎಂದೋ ಒಮ್ಮೆ ಬರುವ ಕೆಲಸಕ್ಕಾಗಿ ಮಿಲ್ಲಿಂಗಿನ ತಲೆಗೆ ಹಣ ಸುರಿದು, ದಿನವೂ ಬರುವ ಕೆಲಸಕ್ಕೆ ಹಗುರವಾದ ಲೇತಿನಲ್ಲಿ ತೃಪ್ತಿಪಡುವುದು ಯಾವ ನ್ಯಾಯ? ಅವನು ಭಾರವಾದ ಹಳೆಯ ಲೇತೊಂದನ್ನೂ ಮೇಜಿನ ಮೇಲಿಡುವ ಡ್ರಿಲ್ಲೊಂದನ್ನೂ ಕೊಂಡನು. ಮಿಲ್ಲಿಂಗ್ ಕೆಲಸ ಬಂದರೆ ಅದನ್ನು ಬೇರೆಯವರಲ್ಲಿ ಮಾಡಿಸಿ ತರುತ್ತಾನೆ. ಬಂಗಾರ ಮನೆಗೆ ಮರಳಿದೆ.

ಆದ್ದರಿಂದ ನನ್ನ ಮಾತಿನ ಸಾರವಿಷ್ಟು: ಯಂತ್ರವನ್ನು ನೋಡುವ ಮುನ್ನ ಕೆಲಸವನ್ನು ಎಣಿಸಬೇಕು. ಕೆಲಸ ಸಣ್ಣದು, ಬಗೆಬಗೆಯದು, ಅವಸರವಿಲ್ಲದ್ದು, ಜಾಗ ಒಂದೇ ಕೋಣೆ ಎಂದಾದರೆ ಜೋಡು ಯಂತ್ರ ಸಲ್ಲುತ್ತದೆ. ಕೆಲಸ ದಪ್ಪನಾದದ್ದು, ಗಿರಾಕಿ ಬಾಗಿಲಲ್ಲಿ ಕಾಯುವವನು ಎಂದಾದರೆ ಒಳ್ಳೆಯ ಲೇತು ಮೊದಲು, ಡ್ರಿಲ್ಲು ಎರಡನೆಯದು. ಮಿಲ್ಲಿಂಗು ದುಡಿಮೆಯ ಹಣದಿಂದ ಮೂರನೆಯದಾಗಿ ಬರಲಿ. ಇವೆರಡರ ನಡುವೆ ಮತ್ತೊಂದು ದಾರಿಯೂ ಉಂಟು. ಲೇತಿನ ಅಡ್ಡಸರಿಗೆಯ ಮೇಲೆ ನೆಟ್ಟಗೆ ನಿಲ್ಲಿಸುವ ಸರಿಗೆಯೊಂದು ಸಿಗುತ್ತದೆ. ಕಟ್ಟರನ್ನು ಲೇತಿನ ತಲೆಯಲ್ಲಿ ಹಿಡಿದು, ವಸ್ತುವನ್ನು ಈ ಸರಿಗೆಗೆ ಬಿಗಿದರೆ ಸಣ್ಣಪುಟ್ಟ ಮಿಲ್ಲಿಂಗ್ ಕೆಲಸ ನಡೆಯುತ್ತದೆ. ಇಂಗ್ಲೆಂಡಿನಲ್ಲಿ 1946ರಲ್ಲಿ ಬಂದ ಮೈಫರ್ಡ್ ಎಂ.ಎಲ್. 7 ಎಂಬ ಸಣ್ಣ ಲೇತಿನೊಡನೆ ಈ ಸರಿಗೆಯನ್ನು ಬಳಸಿ, ಮನೆಯ ಹಿತ್ತಿಲಿನಲ್ಲೇ ಮಾದರಿ ಉಗಿಬಂಡಿಗಳನ್ನು ಕಟ್ಟಿದ ಹವ್ಯಾಸಿಗಳು ಬಹಳ ಮಂದಿ.

ಯಾವುದನ್ನೇ ಕೊಂಡರೂ ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುವ ಎರಡು ಎಚ್ಚರಿಕೆಗಳಿವೆ. ಒಂದು, ನೆಲ. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅಂಥ ನೆಲದ ಮೇಲೆ ತೆಳುವಾದ ಫರಸಿ ಹಾಸಿ ಲೇತನ್ನು ನಿಲ್ಲಿಸಿದರೆ ನೆಲದೊಡನೆ ಯಂತ್ರದ ಹಾಸಿಗೆಯೂ ತಿರುಚಿಕೊಳ್ಳುತ್ತದೆ. ಕಡೆದ ಶಾಫ್ಟು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆಗುತ್ತದೆ. ಎರೆಯನ್ನು ತೆಗೆದು ಗಟ್ಟಿನೆಲದ ಮೇಲೆ ಕಾಂಕ್ರೀಟಿನ ಪಾಯ ಹಾಕಬೇಕು; ಮಳೆಗಾಲ ಕಳೆದ ಮೇಲೆ ಒಮ್ಮೆ, ಬೇಸಗೆಯ ನಡುವೆ ಒಮ್ಮೆ ಮಟ್ಟ ನೋಡಬೇಕು. ಪರೀಕ್ಷೆ ಸುಲಭ. ದಪ್ಪನೆಯ ಸರಳೊಂದನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಚಕ್ಕಿನ ಹತ್ತಿರ ಒಂದು, ತುದಿಯಲ್ಲಿ ಒಂದು, ಹೀಗೆ ಎರಡು ಕಡೆ ಒಂದೇ ಉಳಿಯಿಂದ, ಉಳಿಯ ಅಂಕೆಯನ್ನು ಬದಲಿಸದೆ, ತೆಳುವಾಗಿ ಕಡೆದು ಮೈಕ್ರೋಮೀಟರಿನಿಂದ ಅಳೆಯಿರಿ. ಎರಡು ಅಳತೆಗಳೂ ಒಂದೇ ಆಗುವವರೆಗೆ ಕಾಲುಗಳ ಕೆಳಗಿನ ತಿರುಪುಗಳನ್ನು ಸರಿಪಡಿಸುತ್ತ ಹೋಗಬೇಕು.

ಎರಡನೆಯದು ವಿದ್ಯುತ್ತು. ಮನೆಗೆ ಬರುವ ಸಂಪರ್ಕ ಸಾಧಾರಣವಾಗಿ ಒಂದು ಫೇಸಿನದು; ಹಳೆಯ ಭಾರವಾದ ಲೇತುಗಳ ಮೋಟಾರು ಮೂರು ಫೇಸಿನದು. ಒಂದೆರಡು ಅಶ್ವಶಕ್ತಿಯ ಮೋಟಾರಾದರೆ ವಿ.ಎಫ್.ಡಿ. ಎಂಬ ಪೆಟ್ಟಿಗೆಯನ್ನು ನಡುವೆ ಇಟ್ಟು ಮನೆಯ ಸಂಪರ್ಕದಿಂದಲೇ ನಡೆಸಬಹುದು. ಆದರೆ ಮೋಟಾರಿನ ಒಳಜೋಡಣೆಯನ್ನು 230 ವೋಲ್ಟಿಗೆ ಬದಲಿಸಲು ಬರುವುದೋ ಇಲ್ಲವೋ ಎಂಬುದನ್ನು ಅದರ ಫಲಕದ ಮೇಲೆ ಓದಿ, ಬಲ್ಲವರಿಂದ ಮಾಡಿಸಬೇಕು. ಮನೆಯ ವಿದ್ಯುತ್ತಿನಿಂದ ವ್ಯಾಪಾರ ಮಾಡುವ ಮುನ್ನ ಜೆಸ್ಕಾಂ ಕಚೇರಿಯಲ್ಲಿ ತಕ್ಕ ಸಂಪರ್ಕವನ್ನು ಪಡೆಯುವುದೂ ಅವಶ್ಯ.

ಹಳೆಯ ಲೇತು ಎಂದೊಡನೆ ಮೂಗು ಮುರಿಯಬೇಕಾಗಿಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ನಡೆಯುತ್ತಿಲ್ಲ. ಅಲ್ಲಿ ಹುಟ್ಟಿದ ಲೇತುಗಳು ಇನ್ನೂ ದುಡಿಯುತ್ತಿವೆ. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯ ಲೇತುಗಳೂ ಹಾಗೆಯೇ. ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟೆಗಳಿಂದ ಬಂದವೂ ಉಂಟು. ಕೊಳ್ಳುವಾಗ ಬಣ್ಣವನ್ನು ನೋಡದೆ ಮೂರು ಕಡೆ ಕೈಯಿಡಿ. ಹಾಸಿಗೆ ಹೆಚ್ಚಾಗಿ ಸವೆಯುವುದು ಚಕ್ಕಿನ ಹತ್ತಿರ; ಅಲ್ಲಿಗೂ ಟೇಲ್‌ಸ್ಟಾಕಿನ ಕಡೆಗೂ ಹೋಲಿಸಿ ನೋಡಿ. ಚಕ್ಕಿನಲ್ಲಿ ಸರಳನ್ನು ಹಿಡಿದು ಮೇಲಕ್ಕೆ ಎತ್ತಿ ಒತ್ತಿ, ಡಯಲ್ ಗೇಜಿನ ಮುಳ್ಳು ಎಷ್ಟು ಅಲುಗುವುದೆಂದು ನೋಡಿ. ಲೀಡ್ ಸ್ಕ್ರೂವನ್ನು ಹಿಡಿಯುವ ಅರೆನಟ್ಟು ಸವೆದಿದೆಯೇ ಎಂದು ಒಂದು ಮರೆ ಕೊಯ್ದು ಪರೀಕ್ಷಿಸಿ. ಜೋಡು ಯಂತ್ರವಾದರೆ ಈ ಮೂರರ ಜೊತೆಗೆ ಇನ್ನೂ ಮೂರು ಪ್ರಶ್ನೆಗಳು: ಕಂಬ ದುಂಡೋ ಚೌಕವೋ? ಮೇಜಿಗೂ ಕಟ್ಟರಿಗೂ ನಡುವೆ ಎಷ್ಟು ಎಡೆ ಸಿಗುತ್ತದೆ? ಎರಡು ಕೆಲಸಗಳಿಗೂ ಮೋಟಾರು ಒಂದೋ ಎರಡೋ? ಒಂದೇ ಆದರೆ ಅದು ಸುಟ್ಟ ದಿನ ಇಡೀ ವರ್ಕ್‌ಶಾಪು ಬಾಗಿಲು ಹಾಕಿದಂತೆಯೇ.

ಸಾಲ ದೊರೆಯುವುದು ಈಗ ಮೊದಲಿನಷ್ಟು ಕಷ್ಟವಲ್ಲ. 2015ರಲ್ಲಿ ಬಂದ ಮುದ್ರಾ ಯೋಜನೆಯಂಥವು ಸಣ್ಣ ಉದ್ಯಮಿಗಳಿಗೆ ಬಾಗಿಲು ತೆರೆದಿವೆ. ಆದರೆ ಸಾಲ ಸಿಗುವಷ್ಟು ಯಂತ್ರವನ್ನು ಕೊಳ್ಳುವುದು ಬೇರೆ, ಕೆಲಸ ಬೇಡುವಷ್ಟು ಯಂತ್ರವನ್ನು ಕೊಳ್ಳುವುದು ಬೇರೆ. ಇದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮ ಬೇಕಾದಷ್ಟನ್ನು ಉಳಿಸಿ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದ ಕಥೆ ನಿಮಗೆಲ್ಲ ತಿಳಿದದ್ದೇ. ಅಂದಿನ ಅಳತೆಯನ್ನು ಅವಳು ಮನೆಯಲ್ಲೇ ಬಲ್ಲವಳಾಗಿದ್ದಳು. ವರ್ಕ್‌ಶಾಪು ಹೂಡುವ ತರುಣನಿಗೆ ಆ ಅಳತೆ ಸಿಗುವುದು ಒಂದು ತಿಂಗಳ ವಹಿಯಲ್ಲಿ. ಎರಡು ರೂಪಾಯಿಯ ಪೆನ್ಸಿಲ್ಲಿನಿಂದ ಅದನ್ನು ಬರೆದಿಡುವ ತಾಳ್ಮೆ ಇದ್ದವನಿಗೆ ಜೋಡು ಯಂತ್ರವೂ ಮೋಸಮಾಡದು, ಬಿಡಿ ಯಂತ್ರವೂ ಭಾರವಾಗದು.